ಇಳಿದೆ, ಇಳಿಯುತ್ತಿದ್ದೆ

ಕಿತ್ತಳೆ ಸಿಪ್ಪೆಯ ವಾಸನೆ, ಎಲ್ಲಿಂದ, ಕೆಳಗಿನ ಮೆಟ್ಟಿಲಲ್ಲಿ ನಿಂತ ಹುಡುಗಿಯ ಕೈಯಿಂದ, ಎಸ್ಕಲೇಟರ್ ಇಳಿಯುತ್ತಿರುವಾಗಲೇ ಹಣ್ಣು ಸುಲಿದು ಸಿಪ್ಪೆಯನ್ನು ಕೋಟಿನ ಜೇಬಿಗೆ ತುರುಕುತ್ತಿದ್ದಾಳೆ, ಬೆನ್ನ ಮೇಲೆ ಯೂನಿವರ್ಸಿಟಿಯ ಬ್ಯಾಗು, ಕಿವಿಯಲ್ಲಿ ಹಾಡು, ಹಿಂದೆ ನಿಂತ ಜುವೇರಿಯಾಳ ಮೂಗಿಗೆ ಆ ವಾಸನೆ ಹತ್ತಿದ್ದೇ ತಡ ಇಪ್ಪತ್ತು ವರ್ಷಕ್ಕೂ ಹಿಂದಿನ ಒಂದು ಚಳಿಗಾಲ ಪೂರಾ ಎದ್ದು ಕೂತಿತೆಂದು ಅವಳಿಗೇನು ಗೊತ್ತು — ಉಕ್ರೇನಿನ ಖಾರ್ಕಿವ್, ಆ ದೊಡ್ಡ ಚೌಕ, ಹಿಮದ ಮೇಲೆ ಹೊಡೆದ ಗುಡಾರಗಳು, ಎಲ್ಲರ ಕೊರಳಲ್ಲೂ ಕಿತ್ತಳೆ ಬಣ್ಣದ ಪಟ್ಟಿ, ಯಾರೋ ಪೆಟ್ಟಿಗೆಗಟ್ಟಲೆ ತಂದು ಹಂಚಿದ ಕಿತ್ತಳೆ ಹಣ್ಣು, ಮೈಸೂರಿನಿಂದ ಡಾಕ್ಟರಿಕೆ ಓದಲು ಹೋಗಿದ್ದ ಜುವೇರಿಯಾ, ಹಾಸ್ಟೆಲಿನಲ್ಲಿ ಅವಳ ರೂಮಿನವಳಾದ ಲಾರಿಸಾ, ಲಾರಿಸಾಳ ಅಕ್ಕ ನೀನಾ, ಮೂವರೂ ಬೆರಳು ಸೆಟೆದುಕೊಂಡು ಹಣ್ಣು ಸುಲಿಯುತ್ತಿದ್ದಾರೆ, ವಿದೇಶಿ ವಿದ್ಯಾರ್ಥಿಗಳು ಆ ಚೌಕದ ಕಡೆ ತಲೆ ಹಾಕಿಯೂ ಮಲಗಬಾರದು ಎಂದು ಕಾಲೇಜಿನವರು ಎಚ್ಚರಿಸಿದ್ದರು, ಆದರೂ ಹೋಗಿದ್ದಳು, ಚುನಾವಣೆ ಕದ್ದಿದ್ದಾರೆ, ನಾವು ಸುಮ್ಮನಿರಬೇಕಾ ಎಂದು ನೀನಾ ಕೈಹಿಡಿದು ಎಳೆದುಕೊಂಡು ಹೋಗಿದ್ದಳು, ಅಲ್ಲಿ ಮೆಗಾಫೋನ್ ಹಿಡಿದ ಕಾನೂನು ವಿದ್ಯಾರ್ಥಿಯೊಬ್ಬ, ಬೊಹ್ದಾನ್, ಗಂಟಲು ಹರಿದುಕೊಳ್ಳುತ್ತಿದ್ದ, ಇದೇ ಕೊನೇ ಸಲ, ಇನ್ಮೇಲೆ ಯಾರೂ ಇಲ್ಲಿ ನಡುಗ್ತಾ ನಿಲ್ಲಬೇಕಾಗಿಲ್ಲ, ಇನ್ನು ನಮ್ಮೋರೇ ಆಳ್ತಾರೆ, ಮತ್ತು ಜುವೇರಿಯಾ ಚಪ್ಪಾಳೆ ತಟ್ಟಿದ್ದಳು, ಕೈಗವಸಿನ ಚಪ್ಪಾಳೆ, ಸದ್ದೇ ಬರದ ಚಪ್ಪಾಳೆ, ಆ ದೇಶ ಅವಳದಲ್ಲ, ವೋಟು ಅವಳದಲ್ಲ, ಆದರೂ ತಟ್ಟಿದ್ದಳು. ಅದೇ ಬೊಹ್ದಾನ್ ಈಗ ಉಕ್ರೇನಿನ ಪಾರ್ಲಿಮೆಂಟಿನ ಸದಸ್ಯ, ಕಿವಿಯ ಪಕ್ಕ ನರೆ, ದುಬಾರಿ ಕನ್ನಡಕ, ಸಿಯಾಟಲ್‌ಗೆ ಬಂದಿದ್ದಾನೆ, ಈಗ ತಾನೇ ಯೂನಿವರ್ಸಿಟಿ ಡಿಸ್ಟ್ರಿಕ್ಟಿನ ಆ ಚರ್ಚಿನ ಸಭಾಂಗಣದಲ್ಲಿ ಅವನ ಪಕ್ಕದಲ್ಲೇ ನಿಂತು ಅವನ ಮಾತುಗಳನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿದವಳು ಜುವೇರಿಯಾ, ದುಭಾಷಿ, ಸಂಬಳವಿಲ್ಲದ ದುಭಾಷಿ, ಮತ್ತು ಈಗ ಸ್ಟೇಷನ್ನಿನ ಪಾತಾಳಕ್ಕೆ ಇಳಿಯುತ್ತಿದ್ದಾಳೆ, ಮನೆ ಸೇರುವುದರೊಳಗೆ ಒಂದು ಉತ್ತರ ಕೊಡಬೇಕು, ನಾನು ತಪ್ಪಾಗಿ ತಿರುಗಿಸಿದೆ ಎನ್ನಬೇಕು, ಅಥವಾ ಇಲ್ಲ ಎನ್ನಬೇಕು.

ಕೇಳಿದವರು ಗೋವಿಂದರಾಜು ಅಂಕಲ್, ಸ್ಟೇಷನ್ ಬಾಗಿಲ ತನಕ ಜಿಟಿಜಿಟಿ ಮಳೆಯಲ್ಲೇ ಹಿಂದೆ ಬಂದಿದ್ದರು, ತಲೆಗೆ ಟೋಪಿ, ಉಸಿರು ಮೇಲೆ ಕೆಳಗೆ, ಅವರು ಇಲ್ಲಿಗೆ ಬಂದ ಕಾಲದ ಕನ್ನಡಿಗರನ್ನು ಬೆರಳಲ್ಲಿ ಎಣಿಸಬಹುದಿತ್ತಂತೆ, ಜೀವಮಾನವಿಡೀ ವಿಮಾನದ ರೆಕ್ಕೆಗಳ ಕೆಲಸ ಮಾಡಿ ನಿವೃತ್ತರಾಗಿ ಈಗ ಯುದ್ಧದ ಆಸ್ಪತ್ರೆಗಳಿಗೆ ಯಂತ್ರ ಕಳಿಸುವ ಒಂದು ಸಂಘ ನಡೆಸುತ್ತಾರೆ, ಸಭೆ ಅವರದೇ. ನೋಡಮ್ಮ ಜುವೇರಿಯಾ, ಸಣ್ಣದೊಂದು ಕ್ಲಾರಿಫಿಕೇಶನ್ ಅಷ್ಟೇ, ಸಾಯಂಕಾಲ ವಿಡಿಯೋ ಹಾಕ್ತೀವಲ್ಲ, ಅದರ ಕೆಳಗೆ ಒಂದು ಲೈನು, ಅನುವಾದದಲ್ಲಿ ತಪ್ಪಾಗಿದೆ ಅಂತ, ನಿನ್ನ ಹೆಸರು ಕೂಡ ಹಾಕಲ್ಲ, ನಮ್ಮ ವೆಂಟಿಲೇಟರುಗಳು ಪೋಲೆಂಡ್ ಬಾರ್ಡರಲ್ಲಿ ಕೊಳೀತಾ ಬಿದ್ದಿವೆ, ಅವನ ಒಂದು ಫೋನ್ ಕಾಲ್ ಸಾಕು ಗೇಟ್ ತೆಗೆಯೋದಕ್ಕೆ, ನಿಂಗೆ ಅರ್ಥ ಆಗುತ್ತೆ ತಾನೆ, ಡಾಕ್ಟರ್ ಓದಿದೋಳು ನೀನು. ಡಾಕ್ಟರ್ ಓದಿದವಳು, ಡಾಕ್ಟರ್ ಆಗದವಳು, ಇಲ್ಲಿ ಲ್ಯಾಬಿನಲ್ಲಿ ರೋಗಿಗಳ ರಕ್ತದ ಸ್ಯಾಂಪಲ್‌ಗೆ ಚೀಟಿ ಅಂಟಿಸುವವಳು — ಅದನ್ನು ಯಾಕೆ ಎತ್ತಿದರು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಾರೆ ಅಂಕಲ್, ಒಳ್ಳೆಯವರು, ಒಳ್ಳೆಯವರೇ, ಆದರೆ ಬೊಹ್ದಾನ್ ಜೊತೆ ಫೋಟೋಗೆ ನಿಂತಾಗ ಅವರ ಮುಖ ಯಾಕೆ ಹಾಗೆ ಅರಳಿತ್ತು, ವೆಂಟಿಲೇಟರುಗಳು ನಿಜವಾಗಿಯೂ ಬಾರ್ಡರಲ್ಲಿ ನಿಂತಿವೆಯೇ, ಅಥವಾ ನಿಲ್ಲಿಸಲಾಗಿದೆಯೇ, ನಿಲ್ಲಿಸಿದವರು ಯಾರು, ತೆಗೆಯುವ ಕೈಯೇ ಮುಚ್ಚಿದ ಕೈಯೂ ಆಗಿರಬಹುದಲ್ಲ. ಛೀ, ಏನಾಗಿದೆ ನನಗೆ, ಎಲ್ಲರ ಮೇಲೂ ಅನುಮಾನ. ರೈಲು ಬಂತು, ಸೈಕಲ್ ಹಿಡಿದವರು ಮೊದಲು ಹತ್ತಿದರು, ಅವಳು ಬಾಗಿಲ ಪಕ್ಕದ ಸೀಟಿನಲ್ಲಿ ಕೂತಳು, ಗಾಜಿನಲ್ಲಿ ತನ್ನದೇ ಮುಖ, ಹಿಂದೆ ಕತ್ತಲ ಸುರಂಗ. ಬೆಳಿಗ್ಗೆ ವಕಾಸ್ ಹೇಳಿದ್ದ, ಗಂಡ, ಡೆನ್ನಿ ಟ್ರಯಾಂಗಲ್‌ನ ಗಾಜಿನ ಟವರಿನಲ್ಲಿ ಭಾನುವಾರವೂ ಕೆಲಸ ಮಾಡುವವನು, ಅರೇ, ನಮಗ್ಯಾಕೆ ಬೇಕು ಈ ಪಾಲಿಟಿಕ್ಸು, ಸಿಟಿಜನ್‌ಶಿಪ್ ಪೇಪರ್ ಇನ್ನೂ ಸರ್ಕಾರದ ಆಫೀಸಲ್ಲಿದೆ, ಯಾರದೋ ದೇಶದ ಜಗಳದಲ್ಲಿ ನಿನ್ನ ಹೆಸರು ಬಂದ್ರೆ. ಅವಳ ಅಬ್ಬಾ ಇದ್ದಿದ್ದರೆ ಅವರೂ ಇದನ್ನೇ ಹೇಳುತ್ತಿದ್ದರು, ಮೈಸೂರಿನ ಅವರ ಮೊಹಲ್ಲಾಕ್ಕೆ ಪ್ರತಿ ಚುನಾವಣೆಗೂ ಬಿಳಿ ಬಟ್ಟೆಯವರು ಬರುತ್ತಿದ್ದರು, ಈ ಸಲ ಒಳಚರಂಡಿ ಗ್ಯಾರಂಟಿ ಅತಾವುಲ್ಲಾ ಸಾಹೇಬ್ರೇ ಎನ್ನುತ್ತಿದ್ದರು, ಅಬ್ಬಾ ನಕ್ಕು ಚಹಾ ಕೊಡುತ್ತಿದ್ದರು, ಅವರು ಹೋದ ಮೇಲೆ ಇವಳಿಗೆ ಹೇಳುತ್ತಿದ್ದರು, ಬೇಟಾ, ಮಾಡೋನು ಮಾಡ್ತೀನಿ ಅಂತಾನೆ, ಮಾಡದೋನು ಮಾಡೋಣ ಅಂತಾನೆ, ನುಂಗೋನು ಪರಿಶೀಲಿಸಲಾಗುವುದು ಅಂತಾನೆ, ಕ್ರಿಯಾಪದ ನೋಡ್ಕೋ, ಮುಖ ನೋಡ್ಬೇಡ.

ಕ್ರಿಯಾಪದ ನೋಡಿಕೊಂಡೇ ಬದುಕಿದ್ದಾಳೆ ಜುವೇರಿಯಾ, ಎರಡು ದಶಕದಿಂದ ದೂರದಲ್ಲಿ ಕೂತು ಆ ದೇಶದ ಕ್ರಿಯಾಪದಗಳನ್ನು ಕೇಳಿದ್ದಾಳೆ — ಬದಲಾಯಿಸುತ್ತೇವೆ, ಶುದ್ಧ ಮಾಡುತ್ತೇವೆ, ಹೊಸ ಮುಖಗಳು, ಹೊಸ ಪಕ್ಷ, ಕಿತ್ತಳೆ ಪಟ್ಟಿಯವರು ಗೆದ್ದು ಕುರ್ಚಿಗೆ ಕೂತದ್ದೇ ತಮ್ಮತಮ್ಮಲ್ಲೇ ಕಚ್ಚಾಡಿದರು, ಯಾರ ವಿರುದ್ಧ ಜನ ಹಿಮದಲ್ಲಿ ನಿಂತಿದ್ದರೋ ಅವನೇ ಕೆಲ ವರ್ಷಗಳಲ್ಲಿ ವೋಟು ಪಡೆದು ವಾಪಸು ಬಂದ, ಆಮೇಲೆ ಮತ್ತೆ ಚೌಕ, ಈ ಸಲ ಕೀವ್‌ನಲ್ಲಿ, ಟೈರುಗಳ ಹೊಗೆ, ಗುಂಡು, ಹೆಣಗಳು, ಅವಳು ಆಗ ಇಲ್ಲಿಗೆ ಬಂದಾಗಿತ್ತು, ಲ್ಯಾಪ್‌ಟಾಪ್ ಮುಂದೆ ಕೂತು ಅತ್ತಿದ್ದಳು, ಆಮೇಲೆ ಇನ್ನೊಂದು ಹೊಸ ಮುಖ, ಇನ್ನೊಂದು ಭರ್ಜರಿ ಗೆಲುವು, ಬೊಹ್ದಾನ್ ಪಕ್ಷ ಬದಲಿಸುತ್ತ ಬಂದ, ಪಂಚೆ ಬದಲಿಸಿದ ಹಾಗೆ, ಪ್ರತಿ ಸಲವೂ ಗೆಲ್ಲುವ ಕಡೆ, ಆಮೇಲೆ ಯುದ್ಧ, ಯುದ್ಧ ಮುಗಿಯುವ ತನಕ ಚುನಾವಣೆಯೂ ಇಲ್ಲ, ಹಾಗಾಗಿ ಅವನು ಇನ್ನೂ ಸದಸ್ಯನೇ. ಕಳೆದ ಬೇಸಿಗೆಯಲ್ಲಿ, ಭ್ರಷ್ಟರನ್ನು ಹಿಡಿಯುವ ಸಂಸ್ಥೆಗಳ ಕೈಕಟ್ಟುವ ಮಸೂದೆ ಬಂದಾಗ ಅವನು ಒಪ್ಪಿಗೆಯ ಹಸಿರು ಗುಂಡಿ ಒತ್ತಿದ, ಕ್ಷಿಪಣಿ ಬೀಳುವ ಊರಲ್ಲೇ ಹುಡುಗ ಹುಡುಗಿಯರು ಪಿಜ್ಜಾ ಡಬ್ಬ ಕತ್ತರಿಸಿ ಅದರ ರಟ್ಟಿನ ಮೇಲೆ ಬೈಗುಳ ಬರೆದು ಬೀದಿಗೆ ಬಂದರು, ಕೆಲವೇ ದಿನಗಳಲ್ಲಿ ಅದೇ ಸದಸ್ಯರು ಅದೇ ಗುಂಡಿ ಒತ್ತಿ ಮಸೂದೆಯನ್ನು ಅಳಿಸಿದರು, ಅವನೂ ಒತ್ತಿದ, ಹೋಗುವಾಗಲೂ ಹಸಿರು ಬರುವಾಗಲೂ ಹಸಿರು. ನೋಡಿದ್ಯಾ ಜೂಲ್ಯಾ, ಬದಲಾಗ್ತಿದೆ, ನಿಧಾನ ಆದ್ರೂ ಬದಲಾಗ್ತಿದೆ ಎಂದಿದ್ದಳು ಲಾರಿಸಾ, ಹಾಸ್ಟೆಲಿನ ದಿನಗಳಿಂದಲೂ ಅವಳ ಬಾಯಲ್ಲಿ ಜುವೇರಿಯಾ ಜೂಲ್ಯಾ, ಅವಳಿಗೆ ಆಗ ಮಾತ್ರ ಮುಖದಲ್ಲಿ ಕಳೆ ಬಂದಿತ್ತು, ಜುವೇರಿಯಾ ಹೂಂ ಎಂದಿದ್ದಳು, ನಂಬಿರಲಿಲ್ಲ, ಹೆದರಿ ಹಿಂದೆ ಸರಿದದ್ದನ್ನು ಬದಲಾವಣೆ ಎನ್ನಲಾದೀತೇ, ಬೆಕ್ಕು ಹಾಲಿನ ಪಾತ್ರೆಯಿಂದ ಮೂತಿ ತೆಗೆದ ಮಾತ್ರಕ್ಕೆ ಉಪವಾಸವೇ. ಲಾರಿಸಾಳಿಗೆ ನಂಬದೆ ಗತಿಯಿರಲಿಲ್ಲ, ಅವಳ ಅಕ್ಕ ನೀನಾಳ ಕೇಸು ಆ ಸಂಸ್ಥೆಗಳಲ್ಲೊಂದರ ಕೈಯಲ್ಲೇ ಇತ್ತು.

ನೀನಾ. ಹಾಸ್ಟೆಲಿಗೆ ಬಂದಾಗಲೆಲ್ಲ ಆಲೂಗಡ್ಡೆ ಹುರಿಯುತ್ತಿದ್ದಳು, ಹಂದಿ ಕೊಬ್ಬು ತಾಗದ ಬಾಣಲೆ ಒಂದನ್ನು ಜುವೇರಿಯಾಳಿಗೆಂದೇ ಬೇರೆ ಇಟ್ಟಿದ್ದಳು, ಅದರ ಹಿಡಿಗೆ ನೀಲಿ ದಾರ ಕಟ್ಟಿದ್ದಳು, ಯಾರೂ ಮುಟ್ಟಬೇಡಿ, ಇದು ನಮ್ಮ ಮೈಸೂರಿನವಳದು. ಖಾರ್ಕಿವ್ ಹತ್ತಿರದ ಸಣ್ಣ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು, ಯುದ್ಧ ಶುರುವಾದಾಗ ಲಾರಿಸಾ ಹೊರಟಳು, ಮಕ್ಕಳ ಡಾಕ್ಟರಾಗಿದ್ದವಳು ಇಲ್ಲಿ ಕೆಂಟ್‌ನಲ್ಲಿ ವೃದ್ಧರಿಗೆ ಊಟ ಮಾಡಿಸುವ ಕೆಲಸಕ್ಕೆ ಸೇರಿದಳು, ನೀನಾ ಹೊರಡಲಿಲ್ಲ, ಹೊಸ ಬಂಕರ್ ಕಟ್ಟಿದ್ದಾರೆ ಇಲ್ಲಿ, ಭಯ ಇಲ್ಲ ಎಂದಳು. ಆಸ್ಪತ್ರೆಯ ನೆಲದಡಿಯ ಬಂಕರ್, ಹಾಸಿಗೆಗಳು, ಆಮ್ಲಜನಕ, ಉದ್ಘಾಟನೆಗೆ ಬೊಹ್ದಾನ್ ಬಂದು ಹಳದಿ ನೀಲಿ ರಿಬ್ಬನ್ ಕತ್ತರಿಸಿದ್ದ, ಟಿವಿಯಲ್ಲೂ ಬಂದಿತ್ತು. ಒಂದು ವಸಂತದಲ್ಲಿ ಸೈರನ್ ಕೂಗಿದಾಗ ನೀನಾ ಮತ್ತು ಉಳಿದ ನರ್ಸ್‌ಗಳು ರೋಗಿಗಳನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಇಳಿಯಲು ಹೋದರೆ ಕೆಳಗೆ ಮೊಣಕಾಲುದ್ದ ನೀರು, ಪಂಪಿಲ್ಲ, ಮೋರಿಯಿಲ್ಲ, ಗೋಡೆಗೆ ಬರೀ ಬಣ್ಣ, ವಾಪಸು ಕಾರಿಡಾರಿಗೆ ಬಂದರು, ಕಾರಿಡಾರಿನ ಮೇಲೇ ಬಾಂಬು ಬಿತ್ತು, ನೀನಾ ಉಳಿಯಲಿಲ್ಲ. ಬಂಕರ್ ಕಟ್ಟಬೇಕಾದ ಕಂಟ್ರಾಕ್ಟರು ನುಂಗಿ ನೀರು ಕುಡಿದಿದ್ದ, ಈಗ ಕೋರ್ಟಿನಲ್ಲಿ ನಿಂತು, ಕೆಲಸ ಸರಿಯಾಗಿಯೇ ಮುಗಿಸಿದ್ದೆ, ಎಂಪಿ ಸಾಹೇಬರೇ ನೋಡಿ ಒಪ್ಪಿದ್ದಾರೆ, ನೀರು ಬಂದದ್ದು ಬಾಂಬಿಗೆ ಪೈಪು ಒಡೆದು ಎನ್ನುತ್ತಾನಂತೆ, ಬದುಕಿ ಉಳಿದವರ ಮಾತನ್ನು ಗಾಬರಿಯಲ್ಲಿ ಏನೋ ಕಂಡಿದ್ದಾರೆ ಎಂದು ವಕೀಲರು ತಳ್ಳಿಹಾಕುತ್ತಾರಂತೆ, ವಿಚಾರಣೆ ಮುಂದಕ್ಕೆ, ಮತ್ತೆ ಮುಂದಕ್ಕೆ. ಬೊಹ್ದಾನ್ ಸಿಯಾಟಲ್‌ಗೆ ಬರ್ತಾನೆ ಎಂದು ಗೊತ್ತಾದಾಗ ಲಾರಿಸಾ ಫೋನು ಮಾಡಿ ಕೇಳಿದ್ದು ಇಷ್ಟೇ, ಸಭೆಗೆ ಬಂದರೆ ನನಗೆ ಒಂದು ಪ್ರಶ್ನೆ ಕೇಳೋಕೆ ಬಿಡ್ತಾರಾ, ಜಗಳ ಮಾಡಲ್ಲ, ಅಳಲ್ಲ, ಒಂದೇ ಪ್ರಶ್ನೆ. ಜುವೇರಿಯಾಳಿಗೆ ಆಗಲೂ ಅನುಮಾನ, ಇದಕ್ಕೇ ತಾನೇ ಬೇರೆ ದುಭಾಷಿ ಇದ್ದರೂ ನಾನೇ ಮಾಡುತ್ತೇನೆ ಎಂದು ಒಪ್ಪಿಕೊಂಡದ್ದು, ಸೇವೆಯೇ ಇದು, ಅಥವಾ ಅವನು ಸಿಕ್ಕಿಬೀಳುವುದನ್ನು ಹತ್ತಿರದಿಂದ ನೋಡುವ ಆಸೆಯೇ.

ಸಭೆಯಲ್ಲಿ ಅವನು ಚೆನ್ನಾಗಿಯೇ ಮಾತಾಡಿದ, ಅದೇ ಸಿಟ್ಟು ಬರುವುದು, ಚೆನ್ನಾಗಿ ಮಾತಾಡುತ್ತಾನೆ, ಸೈನಿಕರ ಬಗ್ಗೆ, ಅಪ್ಪಂದಿರಿಲ್ಲದ ಮಕ್ಕಳ ಬಗ್ಗೆ, ಅವಳು ಇಂಗ್ಲಿಷಿಗೆ ತಿರುಗಿಸಿದಂತೆಲ್ಲ ಮುಂದಿನ ಸಾಲಿನ ಅಮೆರಿಕನ್ನರು ಕಣ್ಣೊರೆಸಿಕೊಂಡರು, ನನ್ನ ಬಾಯಿಂದ ಅವನ ಮಾತು ಹೊರಟು ಇವರನ್ನು ಅಳಿಸುತ್ತಿದೆಯಲ್ಲ, ನಾನು ಯಾರ ಮೆಗಾಫೋನು ಎನ್ನಿಸಿತು. ಆಗ ಲಾರಿಸಾ ಎದ್ದಳು, ಕೆಲಸದಿಂದ ನೇರ ಬಂದಿದ್ದಳು, ಎದೆಯ ಮೇಲೆ ವೃದ್ಧಾಶ್ರಮದ ಹೆಸರಿನ ಬಿಲ್ಲೆ ಹಾಗೇ ಇತ್ತು, ನಿಮಗೆ ನನ್ನ ಗುರುತಿರಲಿಕ್ಕಿಲ್ಲ, ನೀನಾಳ ತಂಗಿ ನಾನು, ಆ ಆಸ್ಪತ್ರೆಯ ಬಂಕರಿನ ರಿಬ್ಬನ್ ಕತ್ತರಿಸಿದವರು ನೀವು, ಅದರೊಳಕ್ಕೆ ನೀವು ಇಳಿದಿದ್ದಿರಾ. ಇಷ್ಟೇ. ಗೋವಿಂದರಾಜು ಅಂಕಲ್ ಕುರ್ಚಿಯಿಂದ ಅರ್ಧ ಎದ್ದು ಹಾಗೇ ನಿಂತರು. ಬೊಹ್ದಾನ್ ಲಾರಿಸಾಳನ್ನು ನೋಡಿದ, ಆಮೇಲೆ ಒಂದೇ ಶಬ್ದ, ಸ್ಪುಸ್ಕಾವ್ಸ್ಯ. ಆ ಭಾಷೆಯ ಈ ಕ್ರಿಯಾಪದ ಇಳಿದೆ ಎಂದೂ ಆಗುತ್ತದೆ, ಇಳಿಯುತ್ತಿದ್ದೆ ಎಂದೂ ಆಗುತ್ತದೆ, ಕಾಲು ಕೆಳಗೆ ಮುಟ್ಟಿತೋ ಇಲ್ಲವೋ ಅದು ಬಾಯಿ ಬಿಡುವುದಿಲ್ಲ, ಎಂಥ ಶಬ್ದ ಹುಡುಕಿ ಕೊಟ್ಟ ನೋಡಿ, ಹಾವೂ ಸಾಯದೆ ಕೋಲೂ ಮುರಿಯದೆ, ಎಲ್ಲರೂ ಅವಳ ಇಂಗ್ಲಿಷಿಗಾಗಿ ಕಾಯುತ್ತಿದ್ದಾರೆ, ಇಳಿದರು ಎಂದುಬಿಟ್ಟರೆ ಅವನು ಬಚಾವು, ಆಗ ಅವಳು ಮೈಕನ್ನು ಕೆಳಗಿಳಿಸಿ ಅವನ ಕಡೆ ತಿರುಗಿ ಉಕ್ರೇನಿಯನ್ನಿನಲ್ಲೇ ಕೇಳಿದಳು, ಕ್ಷಮಿಸಿ, ಸರಿಯಾಗಿ ತಿರುಗಿಸಬೇಕಲ್ಲ, ಇಳಿದಿರಾ, ಇಳಿಯುತ್ತಿದ್ದಿರಾ. ಅವನು ಕನ್ನಡಕ ತೆಗೆದ. ಇಳಿಯುತ್ತಿದ್ದೆ, ಎಂದ. ಕೆಳಗೆ ನೀರಿತ್ತು. ಬೂಟು ನೆನೆಯಿತು. ಮೇಲೆ ಬಂದೆ. ಹಾಗೆನ್ನುತ್ತ ತಲೆ ತಗ್ಗಿಸಿ ತನ್ನ ಕಾಲಿನ ಕಡೆ ನೋಡಿಕೊಂಡ, ಒಂದು ಪಾದವನ್ನು ತುಸು ಹಿಂದಕ್ಕೆಳೆದುಕೊಂಡ, ಒಣಗಿದ ಮರದ ವೇದಿಕೆಯ ಮೇಲೆ, ನೀರಿನಂಚಿನಿಂದ ಎಳೆದುಕೊಳ್ಳುವ ಹಾಗೆ. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ನಾಚಿಕೆಗೆಟ್ಟವನೇ ಎಂದು ಕೂಗಿದಳು, ಗದ್ದಲ, ಕುರ್ಚಿಗಳ ಕಿರುಗುಟ್ಟುವಿಕೆ, ಆ ಗದ್ದಲದಲ್ಲೇ ಜುವೇರಿಯಾ ಇಂಗ್ಲಿಷಿಗೆ ತಿರುಗಿಸಿದಳು, ಇಳಿಯುತ್ತಿದ್ದೆ, ಕೆಳಗೆ ನೀರಿತ್ತು, ಬೂಟು ನೆನೆಯಿತು, ಆಮೇಲೆ ಮೇಲೆ ಬಂದು ರಿಬ್ಬನ್ ಕತ್ತರಿಸಿದೆವು. ಮುಂದಿನ ಸಾಲಿನಲ್ಲಿ ಯಾರೋ ಒಬ್ಬರು, ಬಿಳಿ ಕೂದಲಿನ ಹೆಂಗಸು, ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಧನ್ಯವಾದ ಎಂದು ಚಪ್ಪಾಳೆ ತಟ್ಟಿದರು, ಇನ್ನೊಬ್ಬರು ತಟ್ಟಿದರು, ಅಮೆರಿಕನ್ನರೆಲ್ಲ ತಟ್ಟಿದರು, ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. ಲಾರಿಸಾ ಮಾತ್ರ ನಿಂತೇ ಇದ್ದಳು.

ಅದಾದ ಮೇಲೆ ತಾನೇ ಅವನ ಸಹಾಯಕ ಬಂದದ್ದು, ಓಸ್ತಾಪ್ ಅಂತ, ತೆಳ್ಳಗಿನ ಯುವಕ, ನಗುಮುಖ, ನೀವು ರಿಬ್ಬನ್ ಅಂದಿರಿ ಮೇಡಂ, ಅವರು ಆ ಶಬ್ದ ಅಂದೇ ಇಲ್ಲ, ಅವರು ಹೇಳಿದ್ದು ಬಾಂಬ್ ಬಿದ್ದ ಮೇಲೆ ಸ್ಥಳ ನೋಡೋಕೆ ಹೋದಾಗಿನ ವಿಷಯ, ಪೈಪು ಒಡೆದು ನೀರು ನಿಂತಿತ್ತು, ಆಗ ಬೂಟು ನೆನೆದದ್ದು, ನೀವು ಎರಡನ್ನೂ ಸೇರಿಸಿಬಿಟ್ರಿ, ಆಗುತ್ತೆ, ಒತ್ತಡದಲ್ಲಿ ಆಗುತ್ತೆ. ಕ್ಯಾಪಿಟಲ್ ಹಿಲ್ ಸ್ಟೇಷನ್, ಬಾಗಿಲು ತೆರೆಯಿತು, ಮುಚ್ಚಿತು, ಯಾರೋ ಇಳಿದರು, ಯಾರೋ ಹತ್ತಿದರು, ಮತ್ತು ಓಸ್ತಾಪ್ ಹೇಳಿದ್ದು ಸುಳ್ಳಲ್ಲ, ಬೊಹ್ದಾನ್ ರಿಬ್ಬನ್ ಎನ್ನಲಿಲ್ಲ, ಎಷ್ಟು ಕೆದಕಿದರೂ ಆ ಶಬ್ದ ಅವನ ದನಿಯಲ್ಲಿ ಸಿಗುವುದಿಲ್ಲ, ಲಾರಿಸಾಳ ದನಿಯಲ್ಲಿ ಸಿಗುತ್ತದೆ, ತನ್ನದೇ ದನಿಯಲ್ಲಿ ಇಂಗ್ಲಿಷಿನಲ್ಲಿ ಸಿಗುತ್ತದೆ, ಪ್ರಶ್ನೆಯಿಂದ ಎತ್ತಿ ಉತ್ತರಕ್ಕೆ ಅಂಟಿಸಿದವಳು ನಾನೇ, ಆಮೇಲೆ ಎಂಬುದೂ ನನ್ನದೇ, ಅವನು ಮೇಲೆ ಬಂದೆ ಎಂದ ಅಷ್ಟೇ, ಮೇಲೆ ಬಂದು ಏನು ಮಾಡಿದ ಎನ್ನಲಿಲ್ಲ, ಯಾವತ್ತು ಎನ್ನಲಿಲ್ಲ, ನೀರಿತ್ತು ಎಂದರೆ ಬಾಂಬಿಗೆ ಮುಂಚೆಯೂ ಇರಬಹುದು, ಆಮೇಲೂ ಇರಬಹುದು, ಎರಡು ದಶಕದ ಸಿಟ್ಟು ನನ್ನ ಬಾಯಲ್ಲಿ ಕೂತು ವಾಕ್ಯ ಪೂರ್ತಿ ಮಾಡಿತೇ, ಹಾಗಾದರೆ ಅವನಿಗೂ ನನಗೂ ಏನು ವ್ಯತ್ಯಾಸ, ಅವನು ಇಲ್ಲದ ಬಂಕರಿಗೆ ರಿಬ್ಬನ್ ಕತ್ತರಿಸಿದ, ನಾನು ಇಲ್ಲದ ರಿಬ್ಬನ್ನನ್ನು ವಾಕ್ಯಕ್ಕೆ ಕಟ್ಟಿದೆ, ಅಂಕಲ್‌ಗೆ ಫೋನು ಮಾಡಿ ಹೌದು ತಪ್ಪಾಯ್ತು ಎನ್ನುವುದೇ ನ್ಯಾಯ, ವೆಂಟಿಲೇಟರಾದರೂ ಗಡಿ ದಾಟಲಿ, ಯಾರದೋ ಶ್ವಾಸಕೋಶಕ್ಕೆ ಗಾಳಿ ಹೋಗಲಿ, ಫೋನು ಕೈಯಲ್ಲಿದೆ, ಹೆಬ್ಬೆರಳು ಅವರ ಹೆಸರಿನ ಮೇಲಿದೆ, ಸುರಂಗದಲ್ಲೂ ಸಿಗ್ನಲ್ ಸಿಗುತ್ತದೆ — ಆದರೆ ಆ ಪಾದ. ಹಿಂದಕ್ಕೆಳೆದುಕೊಂಡ ಪಾದ. ಪಾದದ ಜೊತೆ ಇನ್ನೇನೋ ಇತ್ತು, ತುಟಿ ಅಲುಗಿತ್ತು, ಮುದುಕಿ ಕೂಗಿದಳಲ್ಲ, ಅದೇ ಹೊತ್ತಿಗೆ ಅವನ ತುಟಿ ಅಲುಗಿತ್ತು, ಮೈಕು ಕೆಳಗಿತ್ತು, ಕಾಲನ್ನೇ ನೋಡುತ್ತ ಅವನು ಇನ್ನೂ ಒಂದು ವಾಕ್ಯ ಹೇಳಿದ್ದ, ಅವಳು ಮಗ್ಗುಲಲ್ಲೇ ಇದ್ದಳು, ಕೇಳಿಸಿತ್ತು, ಗದ್ದಲದಲ್ಲಿ ತಿರುಗಿಸಲಿಲ್ಲ, ಬಿಟ್ಟುಬಿಟ್ಟಳು.

ಏನದು, ಏನದು, ರೈಲು ಸುರಂಗದಲ್ಲಿ ಕೀರಲು ದನಿ ತೆಗೆಯುತ್ತ ತಿರುವು ದಾಟುತ್ತಿದೆ, ಎದುರು ಸೀಟಿನವನು ತೂಕಡಿಸುತ್ತಿದ್ದಾನೆ, ನೀರಿತ್ತು, ನೆನೆಯಿತು, ಬಂದೆ, ಆಮೇಲೆ, ಮೆಲ್ಲಗೆ, ತನಗೆ ತಾನೇ, ಉಕ್ರೇನಿಯನ್ ಅಲ್ಲ, ರಷ್ಯನ್, ಹೌದು ರಷ್ಯನ್ನಿನಲ್ಲಿ, ಯುದ್ಧ ಶುರುವಾದಾಗಿನಿಂದ ಅವನು ಜನರೆದುರು ಬಾಯಿಬಿಡದ ಭಾಷೆಯಲ್ಲಿ, ಸೋಮವಾರದೊಳಗೆ ಒಣಗಿಬಿಡುತ್ತೆ ಅಂದ. ಅವನ ದನಿಯೇ ಅಲ್ಲ ಅದು, ಬೇರೆ ಯಾರದೋ ದನಿಯ ಅಣಕ, ಗುತ್ತಿಗೆಯವನೊಬ್ಬನ ಉದಾಸೀನದ ದನಿ, ಎಳೆದು ಎಳೆದು, ಹೆಗಲ ಮೇಲೆ ಕೈಹಾಕಿ ಸಾಹೇಬರನ್ನು ಮೇಲಕ್ಕೆ ಕರೆದೊಯ್ಯುವವನ ದನಿ. ಸೋಮವಾರದೊಳಗೆ ಒಣಗಿಬಿಡುತ್ತೆ. ಕಲ್ಪಿಸಿಕೊಂಡೆನೇ ಇದನ್ನೂ, ರಿಬ್ಬನ್ ಥರ ಇದೂ ನನ್ನದೇ ಹೊಲಿಗೆಯೇ, ಇಲ್ಲ, ಅವಳ ಮನಸ್ಸು ಸುಳ್ಳು ಹೆಣೆದರೆ ಕನ್ನಡದಲ್ಲಿ ಹೆಣೆಯುತ್ತದೆ, ಉರ್ದುವಿನಲ್ಲಿ ಹೆಣೆಯುತ್ತದೆ, ಇಂದು ಮಧ್ಯಾಹ್ನವಾದರೆ ಇಂಗ್ಲಿಷಿನಲ್ಲಿ ಹೆಣೆಯಿತು, ಯಾವನೋ ಕಂಟ್ರಾಕ್ಟರನ ಎಳೆದೆಳೆದ ರಷ್ಯನ್ನಿನಲ್ಲಿ ಹೆಣೆಯಲು ಅದಕ್ಕೆ ಬರುವುದಿಲ್ಲ. ಮತ್ತೆ ಬಾಂಬು ಬಿದ್ದ ಮೇಲೆ ಯಾರು ಹಾಗೆನ್ನುತ್ತಾರೆ, ಹೆಣಗಳು ಸಾಲಾಗಿ ಮಲಗಿರುವಾಗ, ಕಾರಿಡಾರೇ ಇಲ್ಲದಿರುವಾಗ, ಸೋಮವಾರದೊಳಗೆ ಒಣಗುತ್ತೆ ಎಂದು ಯಾರು ಸಮಾಧಾನ ಹೇಳುತ್ತಾರೆ, ಯಾವ ಸೋಮವಾರಕ್ಕೆ, ಯಾರಿಗೋಸ್ಕರ ಒಣಗಬೇಕು, ಅದು ಮುಂಚಿನ ಮಾತು, ಇನ್ನೂ ಜನ ಬದುಕಿದ್ದಾಗಿನ ಮಾತು, ಅವನಿಗೆ ಗೊತ್ತಿತ್ತು, ನೀರನ್ನು ನೋಡಿದ್ದ, ನಂಬಲು ಸುಲಭವಾದ ಮಾತೊಂದನ್ನು ಯಾರೋ ಕೊಟ್ಟರು, ಅವನು ತೆಗೆದುಕೊಂಡ. ಮತ್ತು ಆಗ ಅವಳ ಕಣ್ಣಿಗೆ ಕಂಡಿತು, ಕೇಳಿದ್ದಲ್ಲ, ಕಂಡದ್ದು, ಮಬ್ಬು ಬಲ್ಬಿನ ಕೆಳಗೆ ಸಿಮೆಂಟಿನ ಮೆಟ್ಟಿಲು, ಕಪ್ಪು ನೀರು, ನೀರಿನಂಚಿನಲ್ಲಿ ಪಾಲಿಶ್ ಮಾಡಿದ ಬೂಟು, ತುದಿ ಒದ್ದೆ.

ವೆಸ್ಟ್‌ಲೇಕ್‌ನಲ್ಲಿ ಇಳಿದು ಮೇಲೆ ಬಂದರೆ ಬೆಳಕು, ಮಳೆ ನಿಂತಿದೆ, ಸೌತ್ ಲೇಕ್ ಯೂನಿಯನ್ ಕಡೆಯ ಟ್ರಾಮ್ ನಿಲ್ದಾಣದಲ್ಲಿ ವಕಾಸ್ ಕಾಯುತ್ತಿದ್ದಾನೆ, ಕೈಯಲ್ಲಿ ಎರಡು ಕಾಫಿ, ಮುಖ ಯಾಕೆ ಹಿಂಗಿದೆ ಎಂದ, ಅವಳು ಒಂದು ನಿಮಿಷ ಎಂದು ಕೈ ಮಾಡಿ ಅಂಕಲ್‌ಗೆ ಫೋನು ಹಚ್ಚಿದಳು, ಅಂಕಲ್, ರಿಬ್ಬನ್ ಅನ್ನೋ ಮಾತು ನಾನು ಸೇರಿಸಿದ್ದು, ಅದು ನನ್ನ ತಪ್ಪು, ಹಾಕ್ಕೊಳ್ಳಿ, ನನ್ನ ಹೆಸರು ಹಾಕೇ ಹಾಕಿ, ಆದರೆ ಆ ನೀರಿನ ಬಗ್ಗೆ ಬೊಹ್ದಾನ್ ಹೇಳಿದ ಒಂದು ವಾಕ್ಯ ನಾನು ಬಿಟ್ಟಿದೀನಿ, ಅದನ್ನೂ ಹಾಕಬೇಕು, ಸೋಮವಾರದೊಳಗೆ ಒಣಗಿಬಿಡುತ್ತೆ ಅಂದ, ಅಂತ. ಸೋಮವಾರದೊಳಗೆ ಎಂದರು ಅಂಕಲ್, ತಮಗೆ ತಾವೇ ಹೇಳಿಕೊಂಡ ಹಾಗೆ, ರೆಕ್ಕೆಯೊಳಗಿನ ಒಂದು ಬಿರುಕು ನೋಡಿದೋನು ಹಂಗಂದಿದ್ರೆ ನಾವು ಅವನನ್ನ ಶಾಪ್‌ಫ್ಲೋರಿಂದ ಆಚೆ ಹಾಕ್ತಿದ್ವಿ ಕಣಮ್ಮ. ಹಾಗಾದ್ರೆ ಹಾಕ್ತೀರಾ ಅಂಕಲ್. ನೋಡೋಣಮ್ಮ, ಎಂದರು. ನೋಡೋಣ. ಅಬ್ಬಾ, ಕ್ರಿಯಾಪದ ಕೇಳಿದಿರಾ. ಫೋನಿಟ್ಟಳು, ಕಾಫಿ ತಣ್ಣಗಾಗುತ್ತಿದೆ, ವಕಾಸ್ ಎಲ್ಲ ಕೇಳಿಸಿಕೊಂಡಿದ್ದಾನೆ, ಬೈಯುತ್ತಾನೆ ಈಗ, ಪೇಪರ್ ಎನ್ನುತ್ತಾನೆ, ಅವನು ಬೈಯಲಿಲ್ಲ, ಟ್ರಾಮ್ ಬಂತು, ಹತ್ತಿದರು, ಕೂತ ಮೇಲೆ ಮೆಲ್ಲಗೆ ಕೇಳಿದ, ಆ ಮಾತು ನಿಜವಾಗ್ಲೂ ಕೇಳಿಸ್ತಾ ನಿಂಗೆ. ಕೇಳಿಸ್ತು. ಪಕ್ಕಾ. ಪಕ್ಕಾ. ಹಂಗಾದ್ರೆ ಒಂದ್ಸಲ ಹೇಳಿದ್ಮೇಲೆ ಬದಲಾಯಿಸ್ಬೇಡ, ನಂಗೆ ಭಯ ಇದೆ, ಇರಲಿ, ಆದ್ರೆ ಬದಲಾಯಿಸ್ಬೇಡ. ಅವನ ಮುಖವನ್ನೂ ಅನುಮಾನದಿಂದಲೇ ನೋಡಿದಳು, ಎಷ್ಟು ದಿನ ಈ ಧೈರ್ಯ, ನಾಳೆ ಬೆಳಿಗ್ಗೆಯ ತನಕವೇ, ಆದರೂ ಅವನ ಮೊಣಕೈಗೆ ಮೊಣಕೈ ತಾಗಿಸಿ ಕೂತಳು. ಇಳಿಯುವ ಹೊತ್ತಿಗೆ ವಿಡಿಯೋ ಬಂದಾಗಿತ್ತು, ಪೂರಾ ವಿಡಿಯೋ, ಅಂಕಲ್ ಏನನ್ನೂ ಕತ್ತರಿಸಿರಲಿಲ್ಲ, ಲಾರಿಸಾ ಎದ್ದು ನಿಂತದ್ದಿತ್ತು, ಚಪ್ಪಾಳೆಯಿತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು, ದುಭಾಷಿಯ ಗ್ರಹಿಕೆಯಲ್ಲಿ ವ್ಯತ್ಯಾಸಗಳಿರಬಹುದು. ಇರಬಹುದು. ಅವಳ ವಾಕ್ಯ ಇರಲಿಲ್ಲ.

ಲಾರಿಸಾ ಫೋನು ಮಾಡಿದಾಗ ಕೆರೆಯ ಕಡೆಯ ಗಾಳಿ ಬೀಸುತ್ತಿತ್ತು, ಅಪಾರ್ಟ್‌ಮೆಂಟಿನ ಬಾಗಿಲಲ್ಲೇ ನಿಂತು ಜುವೇರಿಯಾ ಎಲ್ಲ ಹೇಳಿದಳು, ರಿಬ್ಬನ್ ತಾನು ಸೇರಿಸಿದ್ದು, ವಾಕ್ಯ ತಾನು ಬಿಟ್ಟದ್ದು, ಬೈದರೆ ಬೈಯಲಿ ಎಂದು. ಲಾರಿಸಾ ಬೈಯಲಿಲ್ಲ, ಅಳುತ್ತಿದ್ದಳೋ ಏನೋ, ಆಮೇಲೆ, ಸಭೆ ಮುಗಿದ ಕೂಡ್ಲೇ ತನಿಖೆಯವರಿಗೆ ಬರೆದೆ, ಅಲ್ಲಿ ನಡುರಾತ್ರಿ, ಆದ್ರೂ ಉತ್ತರ ಬಂತು, ಚಿಕ್ಕ ಹುಡುಗಿ ಆ ಇನ್‌ಸ್ಪೆಕ್ಟರು, ಕಳೆದ ಬೇಸಿಗೇಲಿ ಅವಳ ಕೆಲಸ ಹೋಗಬೇಕಿತ್ತು, ಆ ರಟ್ಟು ಹಿಡಿದ ಮಕ್ಕಳಿಂದ ಉಳೀತು, ನಿನ್ನ ಜೊತೆ ವಿಡಿಯೋದಲ್ಲಿ ಮಾತಾಡಬೇಕಂತೆ, ಹೇಳ್ತೀಯಾ ಜೂಲ್ಯಾ. ಅವರು ಮತ್ತೆ ಮುಂದಕ್ಕೆ ಹಾಕ್ತಾರೆ ಲಾರಿಸಾ, ನನ್ನ ಒಬ್ಬಳ ಮಾತು, ಮೈಕಿಗೂ ಸಿಗದ ಮಾತು, ವಕೀಲರು ಹರಿದು ಹಾಕ್ತಾರೆ. ಹಾಕಲಿ. ಅವನು ಇಲ್ಲ ಅಂತಾನೆ. ಅನ್ನಲಿ, ಇಪ್ಪತ್ತು ವರ್ಷದ ಹಿಂದೆ ಅವನಂಥವರನ್ನ ಕೇಳೋಕೇ ಜಾಗ ಇರಲಿಲ್ಲ, ಇವತ್ತು ಕೇಳಿದೆ, ಅವನು ಕನ್ನಡಕ ತೆಗೆದ, ನೀನು ಅವರನ್ನ ನಂಬಬೇಡ, ಯಾರನ್ನೂ ನಂಬಬೇಡ, ಕೇಳಿದ್ದನ್ನ ಮಾತ್ರ ಹೇಳು. ಹೇಳ್ತೀನಿ, ಎಂದಳು ಜುವೇರಿಯಾ, ಹೇಳೋಣ ಎನ್ನಲಿಲ್ಲ. ಫೋನಿಟ್ಟು ಮನಸ್ಸಿನಲ್ಲೇ ಜೋಡಿಸತೊಡಗಿದಳು, ಉಕ್ರೇನಿಯನ್ನಿನಲ್ಲಿ, ಒಂದೂ ಶಬ್ದ ಸೇರಿಸದೆ ಒಂದೂ ಬಿಡದೆ, ಪ್ರಶ್ನೆ ಹೀಗಿತ್ತು, ಉತ್ತರ ಹೀಗಿತ್ತು, ಇಳಿಯುತ್ತಿದ್ದೆ ಎಂದರು, ನೀರಿತ್ತು ಎಂದರು, ಆಗ ತಲೆ ತಗ್ಗಿಸಿ — ಇಲ್ಲಿ ನಿಂತುಬಿಡುತ್ತದೆ, ಮತ್ತೆ ಮೊದಲಿನಿಂದ, ನನ್ನ ಹೆಸರು ಜುವೇರಿಯಾ, ನಾನು ಅವರ ಎಡಗಡೆ ನಿಂತಿದ್ದೆ, ಇಳಿಯುತ್ತಿದ್ದೆ ಎಂದರು, ಆಗ ತಲೆ ತಗ್ಗಿಸಿ — ವಕಾಸ್ ಒಳಗಿನಿಂದ ಕರೆಯುತ್ತಿದ್ದಾನೆ, ಚಳಿ ಕಣೆ, ಬಾಗಿಲು ಹಾಕು, ಹಾಕಬೇಕು, ಸೋಮವಾರದೊಳಗೆ, ಎಷ್ಟು ಸುಲಭದ ಮಾತು, ಯಾರು ಬೇಕಾದರೂ ಒಪ್ಪಿಕೊಂಡು ಮೇಲೆ ಬಂದುಬಿಡಬಹುದು, ಮೇಲೆ ಬ್ಯಾಂಡಿದೆ, ಹೂವಿದೆ, ಕತ್ತರಿ ಹಿಡಿದ ಹುಡುಗಿಯಿದ್ದಾಳೆ, ಕೆಳಗೆ ಯಾರೂ ಇಲ್ಲ, ಮಬ್ಬು ಬಲ್ಬು, ಸಿಮೆಂಟಿನ ಮೆಟ್ಟಿಲು, ಕಪ್ಪು ನೀರು, ನೀರಿನಂಚಿನಲ್ಲಿ ಬೂಟು, ತುದಿ ಒದ್ದೆ, ಮುಂದಕ್ಕೂ ಇಡದ, ಹಿಂದಕ್ಕೂ ಇನ್ನೂ ಎಳೆದುಕೊಳ್ಳದ ಬೂಟು, ತುದಿ ಒದ್ದೆ